ಹಡಗಿಗೆ ಹೋಗುವ ಬೀಜ

ಕಾಫಿ ಪ್ರಿಯರಿಗೆ ಕಾಫಿಯನ್ನೇ ಉಡುಗೊರೆ ಕೊಡುವುದು ಎಲ್ಲಕ್ಕಿಂತ ಸುಲಭ ಎಂದು ಬಹಳ ದಿನ ನಂಬಿದ್ದೆ. ಸೀರೆಯಾದರೆ ಬಣ್ಣ ಹಿಡಿಸಬೇಕು. ಪುಸ್ತಕವಾದರೆ ಅವರು ಮೊದಲೇ ಓದಿರಬಾರದು. ಕಾಫಿಗೆ ಅಂಥ ತಾಪತ್ರಯವೇನಿದೆ? ಇಷ್ಟವೆಂದು ಗೊತ್ತೇ ಇದೆ, ಕೈ ಬಿಗಿ ಹಿಡಿಯದೆ ಒಳ್ಳೆಯದನ್ನು ಕೊಂಡರಾಯಿತು. ಈ ನಂಬಿಕೆ ಕಳಚಿಬಿದ್ದದ್ದು ಹಾಸನದಲ್ಲಿ, ನಮ್ಮ ದೊಡ್ಡಮ್ಮನ ಅಡುಗೆಮನೆಯಲ್ಲಿ.

ದೊಡ್ಡಮ್ಮನದು ಕಪ್ಪು ಕಾಫಿ. ಹಾಲು ಸೋಕಿಸುವುದಿಲ್ಲ, ಒಂದು ಚೂರು ಬೆಲ್ಲ ಮಾತ್ರ. ಬೆಳಗಿನ ಐದಕ್ಕೆ ಎದ್ದು, ಹಿತ್ತಾಳೆ ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ಬೆರಳ ತುದಿಯಿಂದ ತಟ್ಟಿ ಸಮ ಮಾಡಿ, ಕುದಿಯುವ ನೀರನ್ನು ಸುತ್ತಲೂ ಸಣ್ಣ ಧಾರೆಯಲ್ಲಿ ಬಿಡುತ್ತಾಳೆ. ಡಿಕಾಕ್ಷನ್ ಇಳಿಯುವ ಹೊತ್ತಿಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಬರುತ್ತಾಳೆ. ಆಮೇಲೆ ಲೋಟ ಹಿಡಿದು ಜಗಲಿಯ ಮೇಲೆ ಕೂತರೆ ಹತ್ತು ನಿಮಿಷ ಅವಳನ್ನು ಯಾರೂ ಮಾತಾಡಿಸುವಂತಿಲ್ಲ. ಮೊಮ್ಮಕ್ಕಳಿಗೂ ಇದು ಗೊತ್ತು.

ನನಗೆ ಸಂಬಳ ಹೆಚ್ಚಿದ ವರ್ಷ ಬೆಂಗಳೂರಿನ ಒಂದು ಅಂಗಡಿಯಿಂದ ಅವಳಿಗೆ ಕಾಲು ಕಿಲೋ ಕಾಫಿ ಒಯ್ದೆ. ಒಂದೇ ತೋಟದ ಅರೇಬಿಕಾ, ಎಳೆಯದಾಗಿ ಹುರಿದದ್ದು. ಪೊಟ್ಟಣದ ಮೇಲೆ ತೋಟ ಎಷ್ಟು ಎತ್ತರದಲ್ಲಿದೆ, ಗಿಡದ ತಳಿ ಯಾವುದು, ಕಿತ್ತಳೆಯ ಪರಿಮಳ ಹೇಗಿದೆ ಎಂಬುದೆಲ್ಲ ಬರೆದಿತ್ತು. ಪುಡಿ ಮಾಡಿಕೊಡಲೇ ಎಂದು ಕೇಳಿದರು, ಹೂಂ ಅಂದೆ. ಯಾವ ಫಿಲ್ಟರಿಗೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಅದನ್ನೇ ಹಾಕಿದಳು. ಪುಡಿ ರವೆಯಷ್ಟು ದಪ್ಪ. ಹನಿಹನಿಯಾಗಿ ಇಳಿಯಬೇಕಾದ ನೀರು ಸರಸರನೆ ಇಳಿದುಹೋಯಿತು. ಲೋಟದ ತಳ ಕಾಣುವಷ್ಟು ತೆಳ್ಳಗಿನ, ಹುಳಿಹುಳಿಯಾದ ಆ ನೀರಿಗೆ ಬೆಲ್ಲ ಹಾಕಿಕೊಂಡು ಜಗಲಿಗೆ ಬಂದಳು. ಪೂರ್ತಿ ಕುಡಿದಳು.

“ಚೆನ್ನಾಗೈತೆ ಕಣಪ್ಪ” ಅಂದಳು.

ಆಮೇಲೆ ಒಳಗೆ ಹೋಗಿ, ತನ್ನ ಡಬ್ಬಿಯ ಮುಚ್ಚಳ ತೆಗೆದು, ಇನ್ನೊಂದು ಸಲ ನೀರು ಕಾಯಲು ಇಟ್ಟ ಸದ್ದು ಕೇಳಿಸಿತು.

ಆ ಸದ್ದು ಬಹಳ ದಿನ ನನ್ನ ಕಿವಿಯಲ್ಲಿ ಉಳಿಯಿತು. ಕಾಫಿಯಲ್ಲಿ ದೋಷವಿರಲಿಲ್ಲ, ಸರಿಯಾದ ಪಾತ್ರೆಯಲ್ಲಿ ಮಾಡಿದರೆ ಅದು ಬಹಳ ಒಳ್ಳೆಯ ಕಾಫಿಯೇ. ಆದರೆ ಪೊಟ್ಟಣದ ಮೇಲೆ ಬರೆದಿದ್ದ ಒಂದು ಮಾತೂ ದೊಡ್ಡಮ್ಮನಿಗೆ ಸೇರಿದ್ದಾಗಿರಲಿಲ್ಲ. ಊರು ಬಿಟ್ಟ ಮೇಲೆ ನಾನು ಕಲಿತ ರುಚಿಯನ್ನು ಉಡುಗೊರೆಯ ನೆಪದಲ್ಲಿ ಅವಳ ಮನೆಗೆ ಹೊತ್ತು ತಂದು, ಮೆಚ್ಚು ಎಂದು ಎದುರಿಗೆ ಕೂತಿದ್ದೆ. ಪ್ರೀತಿಯಿಂದಲೇ ತಂದದ್ದು, ಅದರಲ್ಲಿ ಸಂಶಯವಿಲ್ಲ. ಪ್ರೀತಿಗೂ ಕೆಲವು ಸಲ ಎದುರಿಗಿರುವವರು ಕಾಣುವುದಿಲ್ಲ. ಆಗ ಅವರು ಆ ಪ್ರೀತಿಯನ್ನು ಹುಳಿ ಕಾಫಿಯ ಹಾಗೆ ಕೊನೆಯ ಗುಟುಕಿನವರೆಗೆ ಕುಡಿದು ಮುಗಿಸಬೇಕಾಗುತ್ತದೆ.

ಅಲ್ಲಿಂದೀಚೆಗೆ ಯಾರಿಗೇ ಕಾಫಿ ಕೊಡುವುದಿದ್ದರೂ ಮೊದಲು ವಿಚಾರಿಸುತ್ತೇನೆ. ಮನೆಯಲ್ಲಿ ಯಾವ ಫಿಲ್ಟರಿದೆ, ಹಾಲು ಹಾಕುತ್ತಾರೋ ಇಲ್ಲವೋ, ದಿನಕ್ಕೆ ಎಷ್ಟು ಲೋಟ ಆಗುತ್ತದೆ. ಕೊನೆಯದನ್ನು ಕೇಳುವವರು ಕಡಿಮೆ. ಹುರಿದ ಬೀಜ ಕೆಲವು ವಾರ ಚೆನ್ನಾಗಿರುತ್ತದೆ, ಪುಡಿಯಾದ ಮೇಲೆ ಮಾತ್ರ ದಿನದಿಂದ ದಿನಕ್ಕೆ ಸೊರಗುತ್ತದೆ. ಇಬ್ಬರೇ ಇರುವ ಮನೆಗೆ ಒಂದು ಕಿಲೋ ಪುಡಿ ಕೊಟ್ಟರೆ ಕೊನೆಕೊನೆಗೆ ಅವರಿಗೆ ಸಿಗುವುದು ಬಣ್ಣ ಮತ್ತು ಕಹಿ. ಹಬ್ಬದ ದೊಡ್ಡ ಡಬ್ಬಿಗಿಂತ ಹುರಿದ ತಾರೀಕು ನೋಡಿ ತಂದ ಕಾಲು ಕಿಲೋ ಎಷ್ಟೋ ಮೇಲು. ಇನ್ನು ಚಿಕೋರಿಯ ವಿಷಯ. ಬೆರೆಸಿದ ಪುಡಿಯಲ್ಲಿ ಕಾಫಿಯ ಪಾಲು ಶೇ. 51ಕ್ಕಿಂತ ಕಡಿಮೆ ಇರಬಾರದು, ಎಷ್ಟು ಬೆರೆಸಿದೆ ಎಂದು ಪೊಟ್ಟಣದ ಮೇಲೆ ಹಾಕಬೇಕು ಎಂಬ ಕಾನೂನಿದೆ. ನನ್ನ ಗೆಳೆಯನೊಬ್ಬನ ತಂದೆಗೆ 70ಕ್ಕೆ 30 ಇಲ್ಲದಿದ್ದರೆ ಡಿಕಾಕ್ಷನ್ನಿಗೆ ಮೈಯೇ ಬರಲಿಲ್ಲ ಅನ್ನಿಸುತ್ತದೆ. ಐವತ್ತು ವರ್ಷ ಆ ರುಚಿಯಲ್ಲಿ ಬೆಳಗು ಮಾಡಿದವರ ಕೈಗೆ ಅಪ್ಪಟ ಕಾಫಿ ಕೊಟ್ಟು ತಿದ್ದಲು ಹೊರಟರೆ ಅದು ಉಪದೇಶವಾಗುತ್ತದೆ. ಅವರಿಗೆ ಅವರ ಅಳತೆಯಲ್ಲೇ, ಅಂದೇ ಹುರಿದ ಒಳ್ಳೆಯ ಬೀಜದಿಂದ ಪುಡಿ ಮಾಡಿಸಿ ಒಯ್ದೆ. ಲೋಟ ಕೆಳಗಿಟ್ಟು ಅವರು ನನ್ನ ಮುಖ ನೋಡಿದ್ದು ಈಗಲೂ ನೆನಪಿದೆ.

ದೊಡ್ಡಮ್ಮನ ವಿಷಯದಲ್ಲಿ ಮಾತ್ರ ಕೇಳಿ ತಿಳಿಯುವುದು ಸಾಧ್ಯವಾಗಲಿಲ್ಲ. ಏನು ತರಲಿ ಎಂದರೆ “ಏನೂ ಬ್ಯಾಡ, ನೀನು ಬಾ” ಅನ್ನುತ್ತಾಳೆ. ಕೇಳಿದರೆ ಉತ್ತರ ಸಿಗದವರನ್ನು ನೆನಪಿನಲ್ಲಿ ಹುಡುಕಬೇಕು. ಹಾಗೆ ಹುಡುಕಿದಾಗ, ಕಣ್ಣೆದುರಿಗೇ ಇದ್ದ ಒಂದು ಸಂಗತಿ ನನಗೆ ಇಷ್ಟು ವರ್ಷ ಕಂಡಿರಲಿಲ್ಲ ಎಂದು ಗೊತ್ತಾಯಿತು. ದೊಡ್ಡಮ್ಮ ಮೂವತ್ತು ವರ್ಷ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜ ಆರಿಸಿದವಳು.

ತೋಟದಿಂದ ಕಾಫಿ ಎರಡು ರೂಪದಲ್ಲಿ ಅಲ್ಲಿಗೆ ಬರುತ್ತದೆ. ಹಣ್ಣಿನ ಸಿಪ್ಪೆ ತಿರುಳು ತೆಗೆದು, ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಇಡೀ ಹಣ್ಣನ್ನೇ ಕಣದಲ್ಲಿ ಹರಡಿ ಒಣಗಿಸಿದ್ದು ಚೆರ್ರಿ. ಅಲ್ಲಿ ಹೊಟ್ಟು ಸುಲಿದು, ಜರಡಿ ಹಿಡಿದು, ಗಾತ್ರದ ಮೇಲೆ ಎಎ, ಎ, ಬಿ, ಸಿ ಎಂದು ಬೇರೆ ಮಾಡುತ್ತಾರೆ. ಹಣ್ಣಿನೊಳಗೆ ಎರಡು ಬೀಜ ಬೆನ್ನು ಹೊರಗೆ ಮಾಡಿ ಕೂರುವ ಬದಲು ಒಂದೇ ಗುಂಡಗೆ ಬೆಳೆದಿದ್ದರೆ ಅದು ಪೀಬೆರಿ, ಅದರ ರಾಶಿಯೇ ಬೇರೆ. ಇಷ್ಟು ಕೆಲಸ ಯಂತ್ರದ್ದು. ಜರಡಿಗೆ ಗಾತ್ರ ಗೊತ್ತು, ಗುಣ ಗೊತ್ತಿಲ್ಲ. ಕಪ್ಪಾದದ್ದು, ಒಡೆದದ್ದು, ಕಾಯಿಕೊರಕ ತೂತು ಮಾಡಿದ್ದು, ಬಣ್ಣಗೆಟ್ಟದ್ದು, ಇವನ್ನೆಲ್ಲ ಹೆಕ್ಕುತ್ತಿದ್ದದ್ದು ಸಾಲಾಗಿ ಕೂತ ಹೆಂಗಸರು. ಬೆಳಗಿನಿಂದ ಸಂಜೆಯವರೆಗೆ ಕಣ್ಣು ಬೀಜದ ಮೇಲೆ, ಎರಡೂ ಕೈ ಆಡುತ್ತಲೇ ಇರಬೇಕು. ಈಗ ಬಣ್ಣ ನೋಡಿ ಆರಿಸುವ ಯಂತ್ರಗಳು ಬಂದಿವೆ. ಆಗ ಈ ಹೆಂಗಸರ ಬೆರಳೇ ಯಂತ್ರ.

ನಾನು ಹುಡುಗನಾಗಿದ್ದಾಗ ದೊಡ್ಡಮ್ಮ ಒಂದು ಮಾತು ಹೇಳುತ್ತಿದ್ದಳು. ಅವಳಿಗೆ ಕಾಫಿಯಲ್ಲಿ ಎರಡೇ ಜಾತಿ. ಒಂದು ಹಡಗಿಗೆ ಹೋಗೋ ಬೀಜ. ಇನ್ನೊಂದು ಇಲ್ಲೇ ಉಳಿಯೋದು. “ನಮ್ಗೆ ಬರೋದು ನಾವು ಎಸ್ದಿದ್ದೇ” ಅನ್ನುತ್ತಿದ್ದಳು. ಅದರಲ್ಲಿ ದೂರು ಇರಲಿಲ್ಲ, ಮಳೆ ಬಂತು ಅನ್ನುವ ಹಾಗೆ ಹೇಳುತ್ತಿದ್ದಳು. ದೊಡ್ಡವನಾದ ಮೇಲೆ ತಿಳಿಯಿತು, ಆ ಮಾತು ಅಕ್ಷರಶಃ ನಿಜ. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇ. 70 ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳದ್ದು. ದೇಶದ ಒಟ್ಟು ಬೆಳೆಯಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ಹೊರದೇಶಕ್ಕೆ ಹೋಗುತ್ತದೆ. ಆರಿಸಿ ತೆಗೆದ ಕಪ್ಪು, ಕಂದು, ಚೂರುಗಳಿಗೂ ವ್ಯಾಪಾರದಲ್ಲಿ ಒಂದು ಗ್ರೇಡ್ ಇದೆ, ಬಿಬಿಬಿ. ಅಗ್ಗದ ಪುಡಿಗೆ ಬೀಳುವುದು ಬಹುಮಟ್ಟಿಗೆ ಅಂಥ ಬೀಜ. ಮೂವತ್ತು ವರ್ಷ ಕೆಟ್ಟದ್ದನ್ನು ಒಳ್ಳೆಯದರಿಂದ ಬೇರೆ ಮಾಡಿದ ಕೈ ಸಂಜೆ ಮನೆಗೆ ಬಂದು ಆ ಕೆಟ್ಟದ್ದನ್ನೇ ಕುದಿಸಿ ಕುಡಿದಿದೆ, ಮತ್ತು ಪ್ರೀತಿಸಿದೆ.

ಕಾಫಿ ಪ್ರಿಯರು ಎಂದಾಗ ನಮ್ಮ ಮನಸ್ಸಿಗೆ ಬರುವುದು ನಾಲಿಗೆ ಪಳಗಿದವರು. ಮನೆಯಲ್ಲಿ ತಕ್ಕಡಿ ಇಟ್ಟು ಗ್ರಾಂ ಲೆಕ್ಕದಲ್ಲಿ ಪುಡಿ ಅಳೆಯುವವರು. ಅವರ ಆಸ್ಥೆಯ ಮೇಲೆ ನನಗೆ ಗೌರವವಿದೆ. ಆದರೆ ಕಾಫಿಯನ್ನು ಬೆರಳಿನಿಂದ ಬಲ್ಲವರೂ ಇದ್ದಾರೆ. ನಾನು ಒಯ್ದ ಪೊಟ್ಟಣದ ಮೇಲೆ ತೋಟದ ಹೆಸರಿತ್ತು, ತಳಿಯ ಹೆಸರಿತ್ತು, ಹುರಿದವರ ಹೆಸರಿತ್ತು. ಹಣ್ಣು ಕುಯ್ದವರ, ಬೀಜ ಆರಿಸಿದವರ ಸುದ್ದಿ ಎಲ್ಲಿಯೂ ಇರಲಿಲ್ಲ. ಇಂಥದ್ದನ್ನು ದೊಡ್ಡಮ್ಮನ ಕೈಯಲ್ಲೇ ಇಟ್ಟು, ಇದು ಒಳ್ಳೆಯ ಕಾಫಿ ಎಂದು ನಾನು ಅವಳಿಗೆ ಹೇಳಿದ್ದೆ! ಅವಳಿಗೆ ಕೊಡುವುದಾದರೆ ಅವಳು ಬಲ್ಲದ್ದನ್ನೇ ಕೊಡಬೇಕಿತ್ತು. ಅವಳು ಜೀವಮಾನವಿಡೀ ಮುಟ್ಟಿದ್ದು ಹುರಿಯದ ಹಸಿ ಬೀಜ.

ಹೋದ ಯುಗಾದಿಗೆ ಮುಂಚೆ ಸಕಲೇಶಪುರದ ಕಡೆಯ ಪರಿಚಯದ ಬೆಳೆಗಾರರೊಬ್ಬರಲ್ಲಿ ಆ ವರ್ಷದ ಕುಯ್ಲಿನ ಒಂದು ಕಿಲೋ ಎಎ ಕೇಳಿದೆ. “ಎಎ ಅಂದ್ರೆ ಗಾತ್ರ ಮಾತ್ರ. ರುಚಿಗೆ ಎ ತಗೊಂಡ್ರೂ ನಡೆಯುತ್ತೆ” ಅಂದರು. ಸತ್ಯವೇ. 7.1 ಮಿಲಿಮೀಟರಿನ ಜರಡಿಯಲ್ಲಿ ಇಳಿಯದೆ ನಿಂತದ್ದು ಎಎ, ಅಷ್ಟೇ. ಬೇರೆ ಯಾರಿಗಾದರೂ ನಾನೂ ಹಾಗೇ ಹೇಳುತ್ತಿದ್ದೆ, ಆ ಎರಡು ಅಕ್ಷರಕ್ಕೆ ಹೆಚ್ಚಿನ ದುಡ್ಡು ಕೊಡಬೇಡಿ ಎಂದು. ದೊಡ್ಡಮ್ಮನಿಗೆ ಮಾತ್ರ ಎಎ ಆಗಬೇಕಿತ್ತು. ಬಸ್ಸಿನಲ್ಲಿ ಹಾಸನಕ್ಕೆ ಬರುವಾಗ ಹೂಮಳೆ ಬಿದ್ದ ತೋಟಗಳು ದಾರಿಯುದ್ದಕ್ಕೂ ಬೆಳ್ಳಗೆ ಅರಳಿದ್ದವು, ಕಿಟಕಿಯೊಳಗೆ ಮಲ್ಲಿಗೆಯಂಥ ಪರಿಮಳ.

ಬಟ್ಟೆಯ ಚೀಲ ಬಿಚ್ಚಿ ದೊಡ್ಡಮ್ಮ ಒಳಗೆ ಕೈಯಿಟ್ಟಳು. ನೋಡುವ ಮುಂಚೆಯೇ, ಬೆರಳಿಗೆ ತಾಗಿದ ಕೂಡಲೇ ಅವಳ ಮುಖ ಬದಲಾಯಿತು.

“ಹಡಗಿಗೆ ಹೋಗೋದು ಅಲ್ವೇನೋ ಇದು?”

“ಹೂಂ ದೊಡ್ಡಮ್ಮ. ಈ ಸಲ ನಿಂಗೆ.”

ಮೊರ ತಂದು ಕಾಲು ಚಾಚಿ ಕೂತಳು. ನೀಲಿ ಬೆರೆತ ಹಸಿರು ಬೀಜ, ಒಂದರಂತೆ ಒಂದು, ನಡುವಿನ ಗೆರೆ ನೇರವಾಗಿ. ಹರಡಿದ್ದೇ ತಡ, ಕೈ ತಾನಾಗಿ ಆಡತೊಡಗಿತು. ಹೆಬ್ಬೆರಳು ತೋರುಬೆರಳು ಮುಂದೆ, ಉಳಿದ ಮೂರು ಬೆರಳು ಬೀಜವನ್ನು ಹಿಂದಕ್ಕೆ ತಳ್ಳುತ್ತ ಸಾಗುತ್ತವೆ. ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಕೀಲು ನೋವಿದೆ, ಬೆರಳಿನ ಓಟ ಮಾತ್ರ ಹಾಗೇ ಇದೆ. ಇಡೀ ಒಂದು ಕಿಲೋ ಆರಿಸಿ ಮುಗಿಸಿದಾಗ ಮೊರದ ಅಂಚಿನಲ್ಲಿ ಮೂರು ಬೀಜ ಕೂತಿದ್ದವು. ಒಂದು ಒಡಕು, ಒಂದಕ್ಕೆ ಸೂಜಿಮೊನೆಯಷ್ಟು ತೂತು, ಒಂದು ಬಣ್ಣಗೆಟ್ಟದ್ದು.

“ಯಾರೋ ಕಣ್ಣಿಟ್ಟು ಆರ್ಸವ್ರೆ” ಅಂದಳು.

ಈಗ ಅದನ್ನು ಮಿಷನ್ ಮಾಡುತ್ತದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಮೂರು ಬೀಜವನ್ನು ಬೆರಳಿನಿಂದ ಅತ್ತಿತ್ತ ಹೊರಳಿಸಿದಳು. “ಮೂರು ಬಿಟ್ಟೈತೆ” ಅಂದಳು.

ಸೌದೆ ಒಲೆಯ ಮೇಲೆ ಕಬ್ಬಿಣದ ಬಾಣಲೆ ಇಟ್ಟು ಎರಡು ಹಿಡಿ ಬೀಜ ಹುರಿದಳು. ಮೊದಲು ಒಣಹುಲ್ಲಿನ ವಾಸನೆ, ಬೀಜ ಹಳದಿಗೆ ತಿರುಗಿತು. ಕಂದಾಗುತ್ತಿದ್ದಂತೆ ಚಟಚಟ ಸಿಡಿಯತೊಡಗಿತು, ತೆಳು ಹೊಟ್ಟು ಮೇಲೆ ಹಾರಿತು. ಅವಳು ಸದ್ದು ಕೇಳುತ್ತಲೇ ಕೈಯಾಡಿಸುತ್ತಿದ್ದಳು, ಇನ್ನೇನು ಎಣ್ಣೆ ಒಸರಬೇಕು ಅನ್ನುವಾಗ ಇಳಿಸಿ ಮೊರಕ್ಕೆ ಸುರಿದು ಗಾಳಿ ಹಾಕಿದಳು. ಮನೆಯೆಲ್ಲ ಘಮಘಮ. ಈಗಲೇ ಒಂದು ಲೋಟ ಮಾಡು ಅಂದೆ. “ಇವತ್ತು ಹುರ್ದಿದ್ದು ಇವತ್ತೇ ಬ್ಯಾಡ. ಒಂದಿನ ಉಸಿರಾಡ್ಲಿ” ಅಂದಳು. ಬಿಸಿ ಬೀಜದೊಳಗೆ ಕೂಡಿಕೊಂಡ ಅನಿಲ ಹೊರಗೆ ಹೋಗುವವರೆಗೆ ನೀರು ಪುಡಿಗೆ ಚೆನ್ನಾಗಿ ಹಿಡಿಯುವುದಿಲ್ಲ ಎಂದು ನಾನು ಎಲ್ಲಿಯೋ ಓದಿದ್ದೆ. ಅವಳು ಓದಿರಲಿಲ್ಲ.

ಬೆಳಿಗ್ಗೆ ಹಳೆಯ ಕೈ ಮಿಷನ್ನಿನಲ್ಲಿ ಪುಡಿ ಮಾಡಿದಳು. ಹಿತ್ತಾಳೆ ಫಿಲ್ಟರಿನಲ್ಲಿ ಹನಿ ಎಣಿಸಬಹುದಾದಷ್ಟು ನಿಧಾನವಾಗಿ ಇಳಿಯಿತು. ಜಗಲಿಯ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ, ಮಾತಾಡಲಿಲ್ಲ. ಹತ್ತು ನಿಮಿಷ ಕಳೆಯಿತು, ಇಪ್ಪತ್ತಾಯಿತು. ಖಾಲಿ ಲೋಟ ಅವಳ ಕೈಯಲ್ಲೇ ಇತ್ತು. ಚೆನ್ನಾಗೈತೆ ಅಂತ ಈ ಸಲ ಹೇಳಲಿಲ್ಲ.

ಆಮೇಲೆ ಹಳೆಯ ಪೇಪರ್ ಕೇಳಿದಳು. ಉಳಿದ ಹಸಿ ಬೀಜವನ್ನು ಬಟ್ಟಲಿನಿಂದ ಅಳೆದು ಮೂರು ಪೊಟ್ಟಣ ಕಟ್ಟಿದಳು. ಯಾರಿಗೆ ಎಂದೆ. ಆರಿಸುವ ಸಾಲಿನಲ್ಲಿ ತನ್ನ ಅಕ್ಕಪಕ್ಕ ಕೂರುತ್ತಿದ್ದ ಮೂವರ ಹೆಸರು ಹೇಳಿ, “ಅವ್ರೂ ಕುಡ್ದಿಲ್ಲ ಇದನ್ನ” ಅಂದಳು. ಅವರಲ್ಲಿ ಒಬ್ಬರು ಹೋದ ವರ್ಷ ತೀರಿಕೊಂಡದ್ದು ನನಗೆ ಗೊತ್ತಿತ್ತು. ನಾನು ಬಾಯಿ ತೆರೆಯುವ ಮುಂಚೆಯೇ ಮೂರನೆಯ ಪೊಟ್ಟಣಕ್ಕೆ ದಾರ ಸುತ್ತುತ್ತಾ, “ಇದು ಅವಳ ಮಗಳಿಗೆ” ಅಂದಳು.