ಮತ ಕೇಳಲು ಬಂದವರಲ್ಲಿ ಕೇಳಬೇಕಾದ ಪ್ರಶ್ನೆ

ಚುನಾವಣೆ ಸಮೀಪಿಸಿದಾಗ ಅಭ್ಯರ್ಥಿಗಳು ನಮ್ಮ ಓಣಿಗಳಿಗೂ ಬರುತ್ತಾರೆ. ಶಾದಿಮಹಲ್, ಖಬರಸ್ಥಾನದ ಗೋಡೆ, ಚರಂಡಿ ಇತ್ಯಾದಿ ಬೇಡಿಕೆಗಳನ್ನು ನಾವು ಅವರ ಮುಂದಿಡುತ್ತೇವೆ. ಮದ್ಯ ಮತ್ತು ಮಾದಕ ವಸ್ತುಗಳ ಕುರಿತು ತಮ್ಮ ನಿಲುವೇನೆಂದು ಕೇಳುವವರು ಬಹಳ ಕಡಿಮೆ. ಕೇಳಿದರೂ ಒಂದೇ ಪ್ರಶ್ನೆ: ಪಾನನಿಷೇಧ ಜಾರಿಗೆ ತರುವಿರಾ? ಹೌದೆಂದವನು ಒಳ್ಳೆಯವನು, ಆಗದೆಂದವನು ಕೆಟ್ಟವನು. ಓದುಗರೇ, ವಿಷಯ ಇಷ್ಟು ಸರಳವೇ?

ಮದ್ಯ ಹರಾಮ್ ಎಂಬುದರಲ್ಲಿ ನಮಗೆ ಚರ್ಚೆಯಿಲ್ಲ. ಗಾಂಜಾ, ಅಮಲಿನ ಮಾತ್ರೆಗಳ ವಿಷಯವೂ ಅದೇ. ಆದರೆ ಆ ಆಜ್ಞೆ ಬಂದ ಕ್ರಮವನ್ನು ಗಮನಿಸಿರಿ. ಮೊದಲು ಅದರ ಕೆಡುಕು ಅದರ ಲಾಭಕ್ಕಿಂತ ದೊಡ್ಡದೆಂದು ತಿಳಿಸಲಾಯಿತು (ಅಲ್ ಬಕರ: 219). ಬಳಿಕ ಅಮಲಿನಲ್ಲಿ ನಮಾಝಿನ ಹತ್ತಿರ ಹೋಗುವುದನ್ನು ತಡೆಯಲಾಯಿತು (ಅನ್ನಿಸಾ: 43). ಕೊನೆಗೆ ಪೂರ್ಣ ನಿಷೇಧ ಬಂತು (ಅಲ್ ಮಾಇದ: 90). ಆಗ ಮದೀನಾದ ಜನ ತಮ್ಮ ಪಾತ್ರೆಗಳನ್ನು ತಾವೇ ಬೀದಿಗೆ ಚೆಲ್ಲಿದರು. ಮೊದಲ ದಿನವೇ ಕುಡಿಯಬೇಡಿರೆಂದು ಆಜ್ಞಾಪಿಸಿದ್ದರೆ ಜನರು ಒಪ್ಪುತ್ತಿರಲಿಲ್ಲವೆಂದು ಹಝ್ರತ್ ಆಯಿಶಾ(ರ) ಹೇಳಿರುವುದು ಬುಖಾರಿಯಲ್ಲಿದೆ. ಕಾನೂನಿಗೆ ಮೊದಲು ಹೃದಯ ಸಿದ್ಧವಾಗಿತ್ತು.

ನಮ್ಮ ಭಾಗಕ್ಕೂ ಪಾನನಿಷೇಧ ಹೊಸದಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಬಿಜಾಪುರ ಜಿಲ್ಲೆಯಲ್ಲಿದ್ದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ 1949ರ ಪಾನನಿಷೇಧ ಕಾಯಿದೆ ಇಲ್ಲಿಯೂ ಇತ್ತು. 1967ರಲ್ಲಿ ಅಂದಿನ ಮೈಸೂರು ಸರಕಾರ ನಿಷೇಧವನ್ನು ಕೈಬಿಟ್ಟಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಬಡವರ ಮನೆಗಳಲ್ಲಿ ಹೆಂಗಸರು ನಿಟ್ಟುಸಿರು ಬಿಟ್ಟರು, ಆದರೆ ಸಾರಾಯಿಯ ಜಾಗಕ್ಕೆ ಅಗ್ಗದ ಬ್ರಾಂಡಿ, ವಿಸ್ಕಿ ಬಂತು. 2016ರಲ್ಲಿ ನಿಷೇಧ ತಂದ ಬಿಹಾರದಲ್ಲಿ 2022ರ ಡಿಸೆಂಬರ್‌ನಲ್ಲಿ ಕಳ್ಳಭಟ್ಟಿ ಕುಡಿದು ಹತ್ತಾರು ಬಡವರು ಸತ್ತರು. ಹಾಗೆಂದು ಕಾನೂನೇ ಬೇಡವೆನ್ನುವುದು ಆತುರದ ಮಾತು. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿರೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದ ಸಾವಿರಾರು ಮಹಿಳೆಯರು ಕಾನೂನನ್ನೇ ಕೇಳಿದರು. ಅವರಿಗೆ ಉಪದೇಶ ಹೇಳುವ ಯೋಗ್ಯತೆ ನಮಗಿಲ್ಲ.

ಇನ್ನು ಅಭ್ಯರ್ಥಿಗಳ ವಿಷಯ. 2018ರಲ್ಲಿ ಬಾದಾಮಿಯಿಂದ 1,696 ಮತಗಳ ಅಂತರದಲ್ಲಿ ಗೆದ್ದ ಸಿದ್ದರಾಮಯ್ಯನವರು 2023ರಲ್ಲಿ ವರುಣಾದಿಂದ ಗೆದ್ದು ಮತ್ತೆ ಮುಖ್ಯಮಂತ್ರಿಯಾದರು. ಆ ವರ್ಷದ ಜುಲೈ ಬಜೆಟ್ಟಿನಲ್ಲಿ ಮದ್ಯದ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 20ರಷ್ಟು ಏರಿಸಿ 36,000 ಕೋಟಿ ರೂಪಾಯಿಯ ಗುರಿ ಇಟ್ಟರು. 2025-26ಕ್ಕೆ ಗುರಿ 40,000 ಕೋಟಿ. ಇದು ಒಂದು ಪಕ್ಷದ ದೋಷವಲ್ಲ, ಎಲ್ಲ ಪಕ್ಷಗಳ ಸರಕಾರಗಳೂ ಈ ಹಣದ ಮೇಲೆಯೇ ನಿಂತಿವೆ. ಗೃಹಲಕ್ಷ್ಮಿಯ 2,000 ರೂಪಾಯಿ ತಾಯಿಯ ಖಾತೆಗೆ ಬರುತ್ತದೆ. ಅದೇ ಮನೆಯ ಗಂಡಸಿನ ಕೂಲಿ ಅಂಗಡಿಯ ಮೂಲಕ ಖಜಾನೆಗೆ ಹೋಗುತ್ತದೆ. (ಆ ಹಣದ ಹುಕುಮ್ ಏನೆಂಬುದನ್ನು ಉಲಮಾಗಳು ಹೇಳಲಿ.) ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ಈ ಆದಾಯಕ್ಕೆ ಬದಲು ಏನು? ಇದಕ್ಕೆ ಉತ್ತರವಿಲ್ಲದೆ ನಿಷೇಧದ ಆಶ್ವಾಸನೆ ಕೊಡುವವನಿಗಿಂತ, ಸದ್ಯಕ್ಕೆ ಆಗದು, ಆದರೆ ಶಾಲೆಯ ಪಕ್ಕದ ಅಂಗಡಿಯನ್ನು ಎತ್ತಿಸುತ್ತೇನೆ ಎಂಬವನ ಮಾತು ಸತ್ಯಕ್ಕೆ ಹತ್ತಿರವಾಗಿರಬಹುದು.

ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳನ್ನು ಈ ಭಾಗದಲ್ಲಿ ಅರಿಯದವರಿಲ್ಲ. ಜೋಳಿಗೆ ಹಿಡಿದು ಊರೂರು ತಿರುಗಿ, ಕಾಳು ಕಡಿಯಲ್ಲ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರೆಂದು ಬೇಡಿದರು. ಅವರು 2018ರಲ್ಲಿ ತೀರಿಕೊಂಡರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಉಳಿದ ದಿನಗಳಲ್ಲಿ ಗುರಿ ಮುಟ್ಟಿಸುವ ಕೆಲಸ! ಆದರೆ ಅವರ ಧರ್ಮ ಬೇರೆಯಾದರೂ ಆ ಜೋಳಿಗೆಯಿಂದ ನಾವು ಕಲಿಯಬೇಕಾದುದಿದೆ. ಕುಡುಕನ ಮನೆ ಬಾಗಿಲಿಗೆ ಹೋದವರು ಅವರು. ನಮ್ಮ ಜಮಾಅತ್‌ಗಳು ಸಾಮಾನ್ಯವಾಗಿ ಕುಡುಕನಿಗೆ ಬಾಗಿಲು ಮುಚ್ಚುತ್ತವೆ.

ಪ್ರವಾದಿವರ್ಯರ(ಸ) ಬಳಿಗೆ ಅಬ್ದುಲ್ಲಾ ಎಂಬೊಬ್ಬರನ್ನು ಕುಡಿದ ಅಪರಾಧಕ್ಕಾಗಿ ಮತ್ತೆ ಮತ್ತೆ ತರಲಾಗುತ್ತಿತ್ತು. ಶಿಕ್ಷೆಯೂ ಆಗುತ್ತಿತ್ತು. ಒಮ್ಮೆ ಯಾರೋ ಅವರನ್ನು ಶಪಿಸಿದಾಗ ಪ್ರವಾದಿವರ್ಯರು(ಸ) ತಡೆದು, ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಆತ ಪ್ರೀತಿಸುತ್ತಾನೆಂದು ಸಾಕ್ಷಿ ನುಡಿದರು. ಶಿಕ್ಷೆ ಬೇರೆ, ಶಾಪ ಬೇರೆ. ನಮ್ಮ ದೇಶದ ಕಾನೂನಿನಲ್ಲೂ ಇಂತಹ ಒಂದು ಕಿಂಡಿಯಿದೆ. 1985ರ ಮಾದಕ ವಸ್ತು ಕಾಯಿದೆಯ 64ಎ ಕಲಮಿನಂತೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿಯು ತಾನಾಗಿ ಸರಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ದೊರೆಯುತ್ತದೆ. ಚಿಕಿತ್ಸೆಯನ್ನು ಅರ್ಧದಲ್ಲಿ ಬಿಟ್ಟರೆ ಆ ವಿನಾಯಿತಿಯನ್ನು ಹಿಂತೆಗೆದುಕೊಳ್ಳಬಹುದು. ಮಗನನ್ನು ಪೊಲೀಸರು ಹಿಡಿಯುತ್ತಾರೆಂಬ ಭಯದಿಂದಲೂ ನೆರೆಹೊರೆಯ ನಾಚಿಕೆಯಿಂದಲೂ ಒಳಗೇ ಮುಚ್ಚಿಟ್ಟುಕೊಂಡ ಎಷ್ಟು ತಾಯಂದಿರಿಗೆ ಇದು ಗೊತ್ತು?

ಮತವೆಂಬುದು ಸಾಕ್ಷ್ಯವೆಂದು ಮುಫ್ತಿ ಮುಹಮ್ಮದ್ ಶಫೀಅರಂತಹ ವಿದ್ವಾಂಸರು ಬರೆದಿದ್ದಾರೆ. ಚುನಾವಣೆಯ ಹಿಂದಿನ ರಾತ್ರಿ ಬಾಟಲಿಯನ್ನೋ ನೋಟನ್ನೋ ತೆಗೆದುಕೊಂಡವನ ಸಾಕ್ಷ್ಯ ಎಂತಹದು? ಅಂಥವನಿಗೆ ಅಭ್ಯರ್ಥಿಯ ಎದುರು ಬಾಯಿ ತೆರೆಯುವ ಹಕ್ಕಾದರೂ ಎಲ್ಲಿ ಉಳಿದಿದೆ? ಬಾಟಲಿ ಮುಟ್ಟದವರು ಇನ್ನೆರಡು ಪ್ರಶ್ನೆಗಳನ್ನೂ ಕೇಳಲಿ: ನಮ್ಮ ತಾಲೂಕು ಆಸ್ಪತ್ರೆಯಲ್ಲಿ ವ್ಯಸನಿಗಳಿಗಾಗಿ ಹಾಸಿಗೆಗಳೆಷ್ಟು? ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೆ ಹೋಗಲಾಗದ ನೇಕಾರನಿಗೆ, ಕಲ್ಲುಗಣಿಯ ಕೂಲಿಗೆ ಇಲ್ಲಿ ವೈದ್ಯರು ಯಾವಾಗ ಸಿಗುತ್ತಾರೆ? ಅಲ್ಲಿಯವರೆಗೆ 14446 ಎಂಬ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆಯನ್ನು ಮಸೀದಿಯ ಫಲಕದಲ್ಲಿ ಬರೆಯಲು ಯಾವ ಶಾಸಕರ ಅಪ್ಪಣೆಯೂ ಬೇಕಿಲ್ಲ.