ಹೆಸರಿಲ್ಲದ ಸಾಲ

ಸಾಲ ಮಾಡಿದೋನು ತೀರಿಸಬೇಕು. ಈ ಮಾತಿಗೆ ನಮ್ಮ ಕೇರಿಗಳಲ್ಲಿ ಯಾರದೂ ತಕರಾರಿಲ್ಲ. ಬಡವರಷ್ಟು ಸಾಲಕ್ಕೆ ಹೆದರುವವರು, ಸಾಲವನ್ನು ಮಾನದ ಪ್ರಶ್ನೆ ಮಾಡಿಕೊಂಡವರು ಬೇರೆ ಯಾರೂ ಇಲ್ಲ. ನಮ್ಮ ತಕರಾರು ಇರುವುದು ಬೇರೆ ಕಡೆ. ಯಾರ ಸಾಲ? ಬರೆಸಿಕೊಂಡೋರು ಯಾರು? ಹೆಬ್ಬೆಟ್ಟು ಒತ್ತಿದೋರು ಯಾರು? ಈ ಪ್ರಶ್ನೆ ಕೇಳುವ ಬಾಯಿಗಳನ್ನು ಮುಚ್ಚಿಸಿಯೇ ಅಪ್ಪನ ಸಾಲಕ್ಕೆ ಮಗನನ್ನು, ಮಗನ ಸಾಲಕ್ಕೆ ಮೊಮ್ಮಗನನ್ನು ಧಣಿಗಳ ಕೊಟ್ಟಿಗೆಗೆ ಕಟ್ಟಿದ್ದು. 1976ರ ಕಾಯಿದೆ ಜೀತವನ್ನು ರದ್ದು ಮಾಡಿತು. ಜೀತದ ಸಾಲ ತೀರಿಸುವ ಹೊಣೆಯೂ ಅಲ್ಲಿಗೇ ಮುಗಿಯಿತು ಎಂದಿತು. ಆ ಕಾಯಿದೆ ಎಷ್ಟು ಊರಿಗೆ ತಲುಪಿತು ಅನ್ನೋದು ಬೇರೆ ಮಾತು. ಆದರೆ ಒಂದು ನೀತಿಯನ್ನಂತೂ ಅದು ಬರವಣಿಗೆಯಲ್ಲಿ ಒಪ್ಪಿಕೊಂಡಿತು. ತಾನು ಮಾಡದ ಸಾಲಕ್ಕೆ ಮನುಷ್ಯನನ್ನು ಕಟ್ಟಿಹಾಕಬಾರದು.

ಒಬ್ಬ ಆಳಿಗೆ ಒಪ್ಪುವ ಈ ನೀತಿ ಒಂದು ದೇಶದ ಜನಕ್ಕೆ ಯಾಕೆ ಒಪ್ಪುವುದಿಲ್ಲ? ಬ್ಯಾಂಕುಗಳು ಮುಳುಗಿದಾಗ, ಅವುಗಳಿಂದ ಬಾಚಿಕೊಂಡವರ ಸಾಲವನ್ನು ಇಡೀ ಜನತೆಯ ಲೆಕ್ಕಕ್ಕೆ ಬರೆಯಲು ಹೊರಟಾಗ, ಜನರ ಪ್ರತಿನಿಧಿಯಾಗಿ ಕೂತವನು ಏನು ಮಾಡಬೇಕು? 1998ರಲ್ಲಿ ಮೆಕ್ಸಿಕೋ ದೇಶದ ಸಂಸತ್ತಿನ ಮುಂದೆ ಈ ಪ್ರಶ್ನೆ ಬಂತು. ದೂರದ ದೇಶ ಅಂತ ಬಿಡುವ ಹಾಗಿಲ್ಲ. ಅಲ್ಲಿ ನಡೆದದ್ದನ್ನು ವಿವರವಾಗಿಯೇ ನೋಡಬೇಕು.

ಮೆಕ್ಸಿಕೋ ತನ್ನ ಬ್ಯಾಂಕುಗಳನ್ನು 1982ರಲ್ಲಿ ರಾಷ್ಟ್ರೀಕರಣ ಮಾಡಿತ್ತು. 1991-92ರಲ್ಲಿ ಅವನ್ನೇ ಮತ್ತೆ ಖಾಸಗಿಯವರಿಗೆ ಮಾರಿತು. ಕೊಂಡವರಲ್ಲಿ ಎಷ್ಟೋ ಜನ ಷೇರು ದಲ್ಲಾಳಿಗಳು. ಸಾಲ ಹಂಚಿದ್ದೇ ಹಂಚಿದ್ದು. ನೆಂಟರಿಗೆ, ಪಾಲುದಾರರಿಗೆ, ಸುತ್ತು ಬಳಸಿ ತಮ್ಮ ತಮ್ಮ ಕಂಪನಿಗಳಿಗೇ. 1994ರ ಡಿಸೆಂಬರಿನಲ್ಲಿ ಪೆಸೊ ಕುಸಿಯಿತು, ಬಡ್ಡಿ ಮುಗಿಲಿಗೇರಿತು. ಮನೆಗೆ, ಟ್ರ್ಯಾಕ್ಟರಿಗೆ ಸಾಲ ಮಾಡಿದ ಸಣ್ಣವರು ಕಂತು ಕಟ್ಟಲಾರದೆ ಹೋದರು. ದೊಡ್ಡವರು ಕೈ ಎತ್ತಿದರು. ಮರುವರ್ಷ ಮಾರ್ಚಿನಲ್ಲಿ ಸರ್ಕಾರ ಜನ ಕೊಳ್ಳುವ ಸರಕಿನ ಮೇಲಿನ ತೆರಿಗೆಯನ್ನು ನೂರಕ್ಕೆ 10ರಿಂದ 15ಕ್ಕೆ ಏರಿಸಿತು. ಅದು ಪಾಸಾದ ಗಳಿಗೆಯಲ್ಲಿ ಆಳುವ ಪಕ್ಷದ ಸದನ ನಾಯಕ ಎರಡೂ ಕೈಯಲ್ಲಿ ಮಾಡಿದ ಒಂದು ಸನ್ನೆಯ ಫೋಟೋ ದೇಶದ ತುಂಬ ಹರಡಿತು. ಅಶ್ಲೀಲ ಅಂತ ಜನ ಓದಿಕೊಂಡರು, ಹಾಗಲ್ಲ ಅಂತ ಆತ ಹೇಳಿಕೊಂಡ. ತೆರಿಗೆ ಮಾತ್ರ ಏರಿದ್ದು ಏರಿದ ಹಾಗೇ ಉಳಿಯಿತು.

ಇತ್ತ ಬ್ಯಾಂಕುಗಳ ಕಡೆಗೆ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯುತ್ತಿತ್ತು. ಫೋಬಾಪ್ರೋವಾ ಅಂತ ಒಂದು ನಿಧಿ. ಬ್ಯಾಂಕ್ ಉಳಿತಾಯ ರಕ್ಷಣಾ ನಿಧಿ ಎಂದು ಅದರ ಅರ್ಥ, 1990ರಲ್ಲಿ ಹುಟ್ಟಿದ್ದು. ಅದು ಬ್ಯಾಂಕುಗಳ ಕೆಟ್ಟ ಸಾಲಗಳನ್ನು ತಾನು ತೆಗೆದುಕೊಂಡು, ಬದಲಿಗೆ ಬಡ್ಡಿ ಬರುವ ಪ್ರೋನೋಟು ಬರೆದುಕೊಟ್ಟಿತು. ಪ್ರೋನೋಟಿನ ಹಿಂದೆ ಸರ್ಕಾರದ ಜಾಮೀನು. ಆ ದೇಶದ ಸಂವಿಧಾನದ 73ನೇ ವಿಧಿಯ ಪ್ರಕಾರ ದೇಶದ ಹೆಸರಲ್ಲಿ ಸಾಲ ಎತ್ತಲು ಸಂಸತ್ತಿನ ಒಪ್ಪಿಗೆ ಬೇಕು. ಇಲ್ಲಿ ಸಂಸತ್ತನ್ನು ಯಾರೂ ಕೇಳಲಿಲ್ಲ. ಹೆಬ್ಬೆಟ್ಟು ಒತ್ತಿಯಾದ ಮೇಲೆ, 1998ರ ಮಾರ್ಚಿನಲ್ಲಿ, ಅಧ್ಯಕ್ಷ ಎರ್ನೆಸ್ಟೊ ಸೆಡಿಯೊ ಸಂಸತ್ತಿಗೆ ಮಸೂದೆ ಕಳಿಸಿದರು. ಸುಮಾರು 55,200 ಕೋಟಿ ಪೆಸೊ. ಆಗಿನ ಲೆಕ್ಕಕ್ಕೆ 6,500 ಕೋಟಿ ಡಾಲರಿನ ಆಸುಪಾಸು. ಇದನ್ನು ದೇಶದ ಸಾಲ ಎಂದು ಒಪ್ಪಿಕೊಳ್ಳಿ ಎಂದರು.

ಹಿಂದಿನ ಕಾಲವಾಗಿದ್ದರೆ ಮಸೂದೆ ಸಂಜೆಯೊಳಗೆ ಪಾಸಾಗುತ್ತಿತ್ತು. ಆದರೆ ಹತ್ತಾರು ವರ್ಷ ಒಂದೇ ಸಮ ಆಳಿದ್ದ ಪಿಆರ್‌ಐ ಪಕ್ಷ 1997ರ ಚುನಾವಣೆಯಲ್ಲಿ ಕೆಳಮನೆಯ ಬಹುಮತವನ್ನು ಮೊದಲ ಬಾರಿಗೆ ಕಳಕೊಂಡಿತ್ತು. 500ರಲ್ಲಿ 239. ಎಡಪಂಥದ ಪಿಆರ್‌ಡಿಗೆ 125 ಜನ ಇದ್ದರು. ಅದರ ಅಧ್ಯಕ್ಷ ಆಂದ್ರೆಸ್ ಮಾನುಯೆಲ್ ಲೋಪೆಸ್ ಒಬ್ರಡಾರ್. ಅವರು ಎತ್ತಿದ ಬೇಡಿಕೆಗಳಲ್ಲಿ ಒಂದು ಬಹಳ ಸರಳ. ಈ ಸಾಲ ಯಾರದು, ಹೆಸರು ಹೇಳಿ.

ಸರ್ಕಾರದ ಉತ್ತರ: ಬ್ಯಾಂಕಿನ ಗೋಪ್ಯತೆ. ಹೆಸರು ಹೇಳಲು ಬರುವುದಿಲ್ಲ.

ಗೆಳೆಯರೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ದೇಶದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ತೆಗೆದು ನೋಡಿ. 21ನೇ ಆದೇಶ, 54ನೇ ನಿಯಮ. ಸಾಲಗಾರನ ಸ್ಥಿರಾಸ್ತಿ ಜಪ್ತಿ ಆಗುವಾಗ ಆ ಆಜ್ಞೆಯನ್ನು ಆ ಜಾಗದಲ್ಲಿ ಡೋಲು ಬಡಿದು, ಇಲ್ಲವೆ ರೂಢಿಯ ಬೇರೆ ರೀತಿಯಲ್ಲಿ ಸಾರಬೇಕು. ಇದು ಪದ್ಧತಿಯ ಮಾತಲ್ಲ, ಕಾನೂನಿನ ಮಾತು. ಬಡವನ ಸಾಲಕ್ಕೆ ಗೋಪ್ಯತೆ ಇಲ್ಲ. ಅವನ ಹೆಸರು, ಅವನಪ್ಪನ ಹೆಸರು, ಸರ್ವೆ ನಂಬರು, ಎಲ್ಲ ಊರ ಮುಂದೆ ಕೂಗಿ ಹೇಳಬೇಕು. ಆ ತಮಟೆ ಬಡಿಯೋಕೆ ಕರೆಯೋದು ಯಾರನ್ನ? ಕೇರಿಯೋನನ್ನ. ಸಾಲಗಾರನ ಮಾನ ಹರಾಜು ಹಾಕುವ ಕೆಲಸವನ್ನೂ ನಮ್ಮ ಕೈಯಲ್ಲೇ ಮಾಡಿಸಿದರು. ನಾಳೆ ಅವನ ಮನೆ ಮುಂದೆಯೂ ಅದೇ ತಮಟೆ. ದೊಡ್ಡ ಸಾಲಗಾರನ ಹೆಸರು ಹೇಳಿದರೆ ಮಾತ್ರ ಬ್ಯಾಂಕಿಂಗ್ ವ್ಯವಸ್ಥೆಯ ಮೇಲಿನ ನಂಬಿಕೆಯೇ ಕುಸಿಯುತ್ತದಂತೆ!

ಸಾಲ ಎಂದರೆ ಎರಡು ಹೆಸರುಗಳ ನಡುವಿನ ಒಂದು ಮಾತು. ಕೊಟ್ಟೋನು ಒಬ್ಬ, ತಗಂಡೋನು ಒಬ್ಬ. ಇಬ್ಬರ ಹೆಸರನ್ನೂ ಅಳಿಸಿ, ಕಟ್ಟೋನ ಹೆಸರನ್ನು ಮಾತ್ರ ಉಳಿಸಿದರೆ ಅದು ಸಾಲವಾಗಿ ಉಳಿಯುವುದಿಲ್ಲ. ಅದು ಕಪ್ಪ. ಗೆದ್ದ ರಾಜ ಸೋತ ಸೀಮೆಯಿಂದ ಎತ್ತುತ್ತಿದ್ದನಲ್ಲ, ಅದು. ಅಲ್ಲಿ ಯಾಕೆ ಕೊಡಬೇಕು ಅನ್ನೋ ಪ್ರಶ್ನೆಯೇ ಇಲ್ಲ. ಹಾಗಾಗಿ ಪಿಆರ್‌ಡಿ ಕೇಳಿದ ಪ್ರಶ್ನೆಯನ್ನು ಬರೀ ವಿರೋಧ ಪಕ್ಷದ ತಕರಾರು ಎಂದು ತಳ್ಳಿಹಾಕಲಾಗದು. ನಾವು ಪ್ರಜೆಗಳೋ ಸೋತ ಸೀಮೆಯವರೋ ಎಂಬ ಪ್ರಶ್ನೆ ಅದರೊಳಗಿತ್ತು.

ಸರ್ಕಾರದ ಪರವಾದ ವಾದ ಹಗುರವಾದದ್ದೇನಲ್ಲ, ಅದನ್ನೂ ಕೇಳಬೇಕು. ಬ್ಯಾಂಕು ಮುಳುಗಲು ಬಿಟ್ಟರೆ ಮೊದಲು ಮುಳುಗೋದು ಸಣ್ಣ ಠೇವಣಿದಾರ. ಟೀಚರ ಉಳಿತಾಯ, ವಿಧವೆಯ ಪಿಂಚಣಿ, ಕೂಲಿಯವನ ಚೂರುಪಾರು. ನಾವು ಉಳಿಸಿದ್ದು ಇವರನ್ನು, ಬ್ಯಾಂಕಿನ ಒಡೆಯರನ್ನಲ್ಲ. ಇದು ಅವರ ವಾದ. ಇದರಲ್ಲಿ ಅರ್ಧ ಸತ್ಯವಿದೆ. ಠೇವಣಿ ಇಟ್ಟವನನ್ನು ಉಳಿಸಬೇಕು, ಅದರ ಖರ್ಚನ್ನು ಸಮಾಜ ಹೊರಬೇಕಾದರೆ ಹೊರಬೇಕು. ಪಿಆರ್‌ಡಿ ಕೂಡ ಸಣ್ಣ ಠೇವಣಿದಾರನ ರಕ್ಷಣೆಗೆ ವಿರೋಧವಾಗಿರಲಿಲ್ಲ. ಆದರೆ ಸಣ್ಣವನನ್ನು ಉಳಿಸಲು ದೊಡ್ಡವನ ಹೆಸರನ್ನು ಮುಚ್ಚಬೇಕಾದ್ದೇನಿದೆ? ಕಾನೂನು ಮೀರಿ ಕೊಟ್ಟ ಸಾಲವನ್ನೂ ಅದೇ ಗಂಟಿಗೆ ಕಟ್ಟಬೇಕಾದ್ದೇನಿದೆ? ಒಬ್ಬ ಬ್ಯಾಂಕಿನ ಒಡೆಯ 1994ರಲ್ಲೇ ದೇಶ ಬಿಟ್ಟು ಓಡಿದ್ದ. 1998ರಲ್ಲಿ ಆಸ್ಟ್ರೇಲಿಯಾದಲ್ಲಿ ಸಿಕ್ಕಿಬಿದ್ದ. ವಿಧವೆಯ ಪಿಂಚಣಿಯನ್ನು ಮುಂದೆ ಹಿಡಿದು ಇಂಥವರನ್ನು ದಾಟಿಸುವುದು ಹಳೆಯ ಹುನ್ನಾರ. ಊರ ದೇವರ ಹೆಸರಲ್ಲಿ ಎತ್ತಿದ ಚಂದಾ ಯಾರ ಮನೆ ಜಗಲಿಗೆ ಕಲ್ಲಾಯಿತು ಅನ್ನೋದನ್ನ ನಾವು ನೋಡಿಲ್ಲವೆ?

ಪಿಆರ್‌ಡಿ ತನಗೆ ಸಿಕ್ಕ ಹೆಸರುಗಳನ್ನು ತಾನೇ ಬಹಿರಂಗ ಮಾಡಿತು. 1998ರ ಆಗಸ್ಟ್ 30ರಂದು ದೇಶದಾದ್ಯಂತ ಜನಾಭಿಪ್ರಾಯ ಕೇಳಿತು. ಕಾನೂನಿನ ಬಲ ಅದಕ್ಕಿರಲಿಲ್ಲ, ಬೀದಿಯಲ್ಲಿ ಮೇಜು ಹಾಕಿ ಕೇಳಿದ್ದು. ಇನ್ನೊಂದು ವಿರೋಧ ಪಕ್ಷ, ಬಲಪಂಥದ ಪಾನ್, ಮೊದಲು ಗುಡುಗಿತು. ಕೊನೆಗೆ ಆಳುವ ಪಕ್ಷದ ಜೊತೆ ಕೂತು ರಾಜಿ ಮಾಡಿಕೊಂಡಿತು. ಡಿಸೆಂಬರ್ 12ರಂದು ಕೆಳಮನೆಯಲ್ಲಿ ಮಸೂದೆ ಪಾಸಾಯಿತು. ಫೋಬಾಪ್ರೋವಾ ಹೋಗಿ ಇಪಾಬ್ ಎಂಬ ಹೊಸ ಸಂಸ್ಥೆ ಬಂತು. ನೇರವಾಗಿ ದೇಶದ ಸಾಲ ಎಂದು ಬರೆಯಲಿಲ್ಲ. ಪ್ರತಿ ವರ್ಷ ಬಜೆಟ್ಟಿನಿಂದ ಹಣ ಕೊಡಬೇಕು ಎಂದು ಬರೆದರು. ಕಟ್ಟೋರಿಗೆ ಇದರಲ್ಲಿ ಏನು ವ್ಯತ್ಯಾಸ? ಜೀತಗಾರನನ್ನು ಸಂಬಳದಾಳು ಅಂತ ಕರೆದ ಹಾಗೆ.

ಆಮೇಲೆ ಲೆಕ್ಕ ಪರಿಶೋಧನೆ. ಮೈಕಲ್ ಮ್ಯಾಕಿ ಎಂಬ ಕೆನಡಾದವರು 1999ರ ಜುಲೈನಲ್ಲಿ ವರದಿ ಕೊಟ್ಟರು. ಸಂಶಯದ ಸಾಲಗಳ ವಿವರ ಒಂದು ಡಿಸ್ಕಿನಲ್ಲಿ. ಅದಕ್ಕೆ ಗುಪ್ತ ಬೀಗ. ಬೀಗಕ್ಕೆ ಐದು ಕೀಲಿ, ಐದು ಪಕ್ಷಗಳಿಗೆ ಒಂದೊಂದು. ಐದೂ ಸೇರಿದರೆ ಮಾತ್ರ ತೆರೆಯುವುದು. ಆಳುವ ಪಕ್ಷ ತನ್ನ ಕೀಲಿ ಕೊಡಲು ಒಪ್ಪಲಿಲ್ಲ. ದೇಶದ ಸಂಸತ್ತು ತಾನೇ ಮಾಡಿಸಿದ ತನಿಖೆಯ ಮುಂದೆ ಬಾಗಿಲು ಹಾಕಿದ ಗುಡಿಯ ಮುಂದೆ ನಿಂತ ಹಾಗೆ ನಿಂತಿತ್ತು. ಗುಡಿಯ ಹೊರಗೆ ನಿಂತು ಗೊತ್ತಿರುವ ನಮಗೆ ಆ ಚಿತ್ರ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಹೊತ್ತಿನಲ್ಲಿ ಸಂಸತ್ತಿನ ಹೊರಗೆ ಇನ್ನೊಂದು ದನಿ ಇತ್ತು. ಎಲ್ ಬರ್ಸೋನ್. ಸಾಲಗಾರ ರೈತರ ಚಳವಳಿ, 1993ರಲ್ಲಿ ಹುಟ್ಟಿದ್ದು. ನೊಗವನ್ನು ನೇಗಿಲಿಗೆ ಬಿಗಿಯುವ ಮಿಣಿಗೆ ಅವರ ಭಾಷೆಯಲ್ಲಿ ಆ ಹೆಸರು. ಟ್ರ್ಯಾಕ್ಟರುಗಳನ್ನು ಪಟ್ಟಣಕ್ಕೆ ತಂದು ರಸ್ತೆಗೆ ಅಡ್ಡ ನಿಲ್ಲಿಸಿದರು, ಜಪ್ತಿಗಳನ್ನು ತಡೆದರು. ನಮ್ಮಲ್ಲಿ 1980ರ ದಶಕದಲ್ಲಿ ರೈತ ಸಂಘದವರು ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದು ಎಂದು ಬೋರ್ಡು ಹಾಕಿದ್ದು ನೆನಪಾಗುತ್ತದೆ. (ಆ ಬೋರ್ಡಿನ ಒಳಗಡೆ, ಅದೇ ರೈತನ ಹತ್ತಿರ ಸಾಲ ಮಾಡಿದ ಕೇರಿಯವನ ಗತಿ ಏನಾಗಿತ್ತು ಅನ್ನೋದನ್ನ ಯಾರೂ ಬರೆದು ತೂಗುಹಾಕಲಿಲ್ಲ.) ಬರ್ಸೋನ್‌ನವರ ಘೋಷಣೆ ಇದು: ಸಾಲ ಇದೆ, ಇಲ್ಲ ಅನ್ನೋಲ್ಲ, ನ್ಯಾಯವಾದದ್ದನ್ನು ಕಟ್ತೀವಿ. ಎಂಥ ಮಾತು ನೋಡಿ. ತನ್ನ ಹೆಸರನ್ನು ತಾನೇ ಎದೆ ಮೇಲೆ ಬರಕೊಂಡು ಬೀದಿಗೆ ಬಂದ ಸಾಲಗಾರ ಒಂದು ಕಡೆ. ಐದು ಬೀಗದ ಹಿಂದೆ ಕೂತ ಸಾಲಗಾರ ಇನ್ನೊಂದು ಕಡೆ. ಸಾಲ ಕಟ್ಟದವರು ಕಳ್ಳರು ಎಂಬ ಬೈಗುಳ ಬಿದ್ದದ್ದು ಯಾರಿಗೆ ಅಂತ ಬೇರೆ ಹೇಳಬೇಕೆ.

ನಮ್ಮ ಸಂವಿಧಾನದ 292ನೇ ವಿಧಿಯೂ ಕೇಂದ್ರ ಎತ್ತುವ ಸಾಲಕ್ಕೆ ಮಿತಿ ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 2017ರ ಅಕ್ಟೋಬರಿನಲ್ಲಿ ಸರ್ಕಾರಿ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ರೂಪಾಯಿ ಬಂಡವಾಳ ತುಂಬುವ ಯೋಜನೆ ಬಂತು. ಅದರಲ್ಲಿ 1.35 ಲಕ್ಷ ಕೋಟಿ ಬಾಂಡುಗಳ ಮೂಲಕ. ಅಂದರೆ ಕಾಗದ, ಮೇಲೆ ಬಡ್ಡಿ, ಬಡ್ಡಿ ಬಜೆಟ್ಟಿನಿಂದ. ಇಲ್ಲಿ ಸಂಸತ್ತಿನ ಒಪ್ಪಿಗೆ ಕೇಳಿದರು, ಅಷ್ಟು ವ್ಯತ್ಯಾಸ ಉಂಟು. 2014-15ರಿಂದ ಒಂಬತ್ತು ವರ್ಷದಲ್ಲಿ ಬ್ಯಾಂಕುಗಳು ಲೆಕ್ಕದಿಂದ ತೆಗೆದ ಸಾಲ 14.56 ಲಕ್ಷ ಕೋಟಿ ಎಂದು 2023ರಲ್ಲಿ ಸರ್ಕಾರವೇ ಲೋಕಸಭೆಗೆ ಹೇಳಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದೊಡ್ಡ ಉದ್ಯಮಗಳದು. ಲೆಕ್ಕದಿಂದ ತೆಗೆದ ಮಾತ್ರಕ್ಕೆ ಮನ್ನಾ ಆಗೋದಿಲ್ಲ, ವಸೂಲಿ ನಡೀತಾನೇ ಇರುತ್ತೆ ಎನ್ನುತ್ತಾರೆ. ಕಾನೂನಿನ ಪ್ರಕಾರ ಅದು ನಿಜವೇ. ಮನೆ ಬಾಗಿಲಿಗೆ ತಮಟೆ ಬಂದವನಿಗೆ ಹೋಗಿ ಈ ವ್ಯತ್ಯಾಸವನ್ನು ವಿವರಿಸಲಿ. ಬ್ಯಾಂಕುಗಳ ಬಗೆಗಿನ ಮಾಹಿತಿ ಗೋಪ್ಯ ಎಂದು ರಿಸರ್ವ್ ಬ್ಯಾಂಕು ಹೂಡಿದ ವಾದವನ್ನು ಸುಪ್ರೀಂ ಕೋರ್ಟು 2015ರ ಡಿಸೆಂಬರಿನಲ್ಲಿ ಒಪ್ಪಲಿಲ್ಲ ಎಂಬುದನ್ನು ನಮ್ಮ ಸಂಘಟನೆಗಳು ಓದಿಕೊಂಡಿರಬೇಕು. ಶಾಲೆಯ ಮೇಷ್ಟ್ರುಗಳು ಮಾಹಿತಿ ಹಕ್ಕಿನ ಅರ್ಜಿ ಬರೆಯೋದನ್ನ ಹುಡುಗರಿಗೆ ಹೇಳಿಕೊಡುವಾಗ ಈ ತೀರ್ಪನ್ನೂ ಹೇಳಿಕೊಡಬಹುದು.

ಸೋತ ವಿರೋಧದಿಂದ ಏನು ಬಂತು ಅಂತ ಕೇಳುವವರಿದ್ದಾರೆ. ಮೆಕ್ಸಿಕೋದಲ್ಲಿ ಮಸೂದೆ ಪಾಸಾಯಿತಲ್ಲ, ಹಣ ಕಟ್ಟಿದರಲ್ಲ? ಕಟ್ಟಿದರು. ಆದರೆ ಸದನದ ದಾಖಲೆಯಲ್ಲಿ ಬೇಡ ಎಂದವರ ಮತ ಇದೆ. ಜನ ಒಪ್ಪಿ ಹೊತ್ತ ಹೊರೆ ಇದು ಅಂತ ಇನ್ನು ಯಾರೂ ಬರೆಯುವಂತಿಲ್ಲ. ನಮ್ಮ ಅಜ್ಜಂದಿರ ಸಾಲಪತ್ರಗಳಲ್ಲಿ ಅವರು ಬೇಡ ಎಂದದ್ದು ಎಲ್ಲೂ ಬರೆದಿಲ್ಲ. ಹೆಬ್ಬೆಟ್ಟಿನ ಗುರುತು ಮಾತ್ರ ಇದೆ.

ಅಲ್ಲಿನ ದೊಡ್ಡ ಬ್ಯಾಂಕುಗಳು ಕೆಲವೇ ವರ್ಷಗಳಲ್ಲಿ ವಿದೇಶಿಯರ ಕೈ ಸೇರಿದವು. ಬಾನಾಮೆಕ್ಸ್ ಎಂಬ ಬ್ಯಾಂಕನ್ನು 2001ರಲ್ಲಿ ಅಮೆರಿಕದ ಸಿಟಿಗ್ರೂಪ್ 1,250 ಕೋಟಿ ಡಾಲರಿಗೆ ಕೊಂಡಿತು. ಪ್ರೋನೋಟುಗಳ ಬಡ್ಡಿ ಬ್ಯಾಂಕಿನ ಜೊತೆಗೇ ಹೋಯಿತು. 1998ರಲ್ಲಿ ಹೆಸರು ಹೇಳಿ ಎಂದು ಕೂಗಿದ್ದ ಲೋಪೆಸ್ ಒಬ್ರಡಾರ್ 2018ರಲ್ಲಿ ದೇಶದ ಅಧ್ಯಕ್ಷರಾದರು, 2024ರವರೆಗೆ ಆಳಿದರು. ಅವರ ಕಾಲದ ಬಜೆಟ್ಟುಗಳಲ್ಲೂ ಆ ಸಾಲದ ಬಾಬ್ತು ಹಣ ಹೋಗುತ್ತಲೇ ಇತ್ತು. ಮಸೂದೆ ಪಾಸಾದ ವರ್ಷ ಹುಟ್ಟಿದ ಕೂಸು ಅಷ್ಟು ಹೊತ್ತಿಗೆ ದುಡಿಯುವ ವಯಸ್ಸಿಗೆ ಬಂದು, ಅಂಗಡಿಯಲ್ಲಿ ಸಾಮಾನು ಕೊಂಡಾಗಲೆಲ್ಲ ತೆರಿಗೆ ಕಟ್ಟುತ್ತಿತ್ತು.