ದೇವಹೂತಿಯ ಏಕಾಂತ



ಮಕ್ಕಳು ಉದ್ಯೋಗನಿಮಿತ್ತ ದೂರದೇಶಗಳಿಗೆ ತೆರಳಿದ ಮೇಲೆ ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮಂತಹವರ ಮನೆಗಳು ಬರಿದಾಗಿ ತೋರುತ್ತವೆ. ಮುಂಜಾನೆ ಡಬ್ಬಿ ಕಟ್ಟುವ ಅವಸರವಿಲ್ಲ. ರಾತ್ರಿ ದೂರವಾಣಿಯ ಕರೆಗೆ ಕಾಯುವುದೊಂದೇ ದಿನಚರಿ. ಇಷ್ಟು ಕಾಲ ಪುರಾಣ ಕೇಳಿಯೂ ಈ ಮೋಹವೇಕೆಂದು ನಮ್ಮನ್ನು ನಾವೇ ಹಳಿದುಕೊಳ್ಳುತ್ತೇವೆ.

ಭಾಗವತದ ತೃತೀಯಸ್ಕಂಧವನ್ನು ನೋಡೋಣ. ದೇವಹೂತಿಯ ಒಂಬತ್ತು ಹೆಣ್ಣುಮಕ್ಕಳು ಪತಿಗೃಹ ಸೇರಿದರು. ಪತಿ ಕರ್ದಮರು ವನಕ್ಕೆ ನಡೆದರು. ಮಗನಾಗಿ ಬಂದು ತತ್ತ್ವವನ್ನುಪದೇಶಿಸಿದ ಕಪಿಲರೂಪಿ ಭಗವಂತನೂ ತಾಯಿಯ ಅನುಜ್ಞೆ ಪಡೆದು ಹೊರಟನು. ತತ್ತ್ವವನ್ನರಿತ ಆಕೆಯೂ ಕರುವನ್ನಗಲಿದ ಹಸುವಿನಂತೆ ಕೊರಗಿದಳೆಂದು ಅಲ್ಲಿ ಹೇಳಿದೆ. ಆದುದರಿಂದ ಈ ದುಃಖ ನಾಚತಕ್ಕದ್ದಲ್ಲ. ಆದರೆ ಆಕೆ ಅಲ್ಲಿಯೇ ನಿಲ್ಲಲಿಲ್ಲ; ಮಗನ ನೆನಪನ್ನೇ ಶ್ರೀಹರಿಯ ಧ್ಯಾನವಾಗಿಸಿ ಸಿದ್ಧಿಯನ್ನು ಪಡೆದಳು. ಗುಜರಾತಿನ ಸಿದ್ಧಪುರವೇ ಆಕೆಯ ಸಿದ್ಧಿಕ್ಷೇತ್ರವೆಂದು ಪ್ರಸಿದ್ಧಿ. ಅಲ್ಲಿನ ಬಿಂದುಸರೋವರದಲ್ಲಿ ಇಂದಿಗೂ ಮಾತೃಶ್ರಾದ್ಧ ನಡೆಯುತ್ತದೆ.

ನಮ್ಮ ಮಕ್ಕಳು ಕಪಿಲರಲ್ಲ, ನಿಜ. ಆದರೆ ಅವರ ಅಂತರ್ಯಾಮಿ ಆ ಶ್ರೀಹರಿಯೇ. ಅವರನ್ನು ನೆನೆದಾಗಲೆಲ್ಲ ಅವನನ್ನೂ ನೆನೆಯೋಣ. ಡಬ್ಬಿಗೆ ಸಲ್ಲುತ್ತಿದ್ದ ಆ ಮುಂಜಾವಿನ ವೇಳೆಯಲ್ಲಿ ದಂಪತಿಗಳು ಜೊತೆಯಾಗಿ ಕುಳಿತು ದಿನಕ್ಕೊಂದು ಅಧ್ಯಾಯ ಓದೋಣ. ತೃತೀಯಸ್ಕಂಧದಲ್ಲಿ ಅಧ್ಯಾಯಗಳು 33. ಕಡೆಯ ದಿನ ದೇವಹೂತಿಯ ಏಕಾಂತವನ್ನು ತಲಪುತ್ತೇವೆ. ಅಂದು ರಾತ್ರಿ ಮಕ್ಕಳ ಕರೆ ಬಂದಾಗ, ಊಟವಾಯಿತೇ ಎಂದು ಕೇಳಿದ ಮೇಲೆ ಹೇಳಲು ನಮ್ಮಲ್ಲಿಯೂ ಒಂದು ಮಾತಿರುತ್ತದೆ.

ಶ್ರೀಕೃಷ್ಣಾರ್ಪಣಮಸ್ತು.